ಊರಿಗೆ ಒಪ್ಪಿಸಿದ ಎಲೆಅಡಿಕೆ

“ನಾಲ್ಗೆ ನಿಂದಲ್ಲ ಕಣ್ಲಾ, ಊರಿಂದು. ಒಬ್ಬ ಜಾತಿ ಎತ್ತಿ ಬೈದ್ರೆ ಊರೇ ಬೈದಂಗೆ. ಬೈಸ್ಕಂಡೋರು ಪೋಲೀಸ್ ಟೇಸನ್ನಿಗೆ ಹೋದ್ರೆ ಊರ ಮಾನವೇ ಹೋದಂಗೆ. ಎಲೆಅಡಿಕೆ ಮಡಗಿ ಊರಿಗೆ ತಪ್ಪೊಪ್ಕೊ, ಅಲ್ಲಿಗೆ ಮುಗೀತು.” ನಮ್ಮೂರ ಯಜಮಾನರು ಸಣ್ಣಬೀರಯ್ಯನವರು ಪ್ರತಿ ನ್ಯಾಯ ಪಂಚಾಯ್ತಿಯಲ್ಲೂ ಆಡುವ ಮಾತಿದು. ಯಾರಾದರೂ ಎಮ್ಮೆಗೆ ಕೆಟ್ಟದಾಗಿ ಬೈದರೂ, ಎಮ್ಮೆ ಯಾರದೆಂದು ವಿಚಾರಿಸಿ ಆ ಮನೆಗೆ ಹೋಗಿ ಸಮಾಧಾನ ಹೇಳಿ ಬರುವ ಜೀವ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ತಮ್ಮನ್ನು ಕೇಳದೆ ಯಾರೂ ಏನೂ ಹಾಕದ ಹಾಗೆ ಬಿಗಿ ಮಾಡಿಸಿದ್ದಾರೆ. ಅದರಲ್ಲಿ ಕರೆಂಟು ಹೋಗುವ ಸುದ್ದಿ ಬಿಟ್ಟು ಬೇರೇನೂ ಬರುವುದಿಲ್ಲ. “ನಿಮ್ಮೂರಲ್ಲಿ ಜಗಳವೇ ಇಲ್ವಂತಲ್ಲ ಕೆಂಪಾಜಮ್ಮ” ಅಂತ ಹನಗೋಡಿನವರು ನನ್ನ ಕೇಳುತ್ತಾರೆ. ಹೋದ ತಿಂಗಳು ಡೈರಿಯಲ್ಲಿ ತನ್ನ ಹಾಲಿನ ಕ್ಯಾನು ಮುಟ್ಟಿದಳೆಂದು ಒಬ್ಬ ನನ್ನ ಮೊಮ್ಮಗಳು ಸಂಘಮಿತ್ರಳನ್ನು ಜಾತಿ ಹಿಡಿದು ಬೈದ. ಅವಳು ದೂರು ಬರೆದುಕೊಂಡು ಹುಣಸೂರಿನ ಟೇಸನ್ನಿಗೆ ಹೊರಟಳು. ಯಜಮಾನರು ನಮ್ಮ ಬಾಗಿಲಿಗೆ ಬಂದು ಕೈ ಮುಗಿದರು. ನಾನೇ ಅವಳಿಗೆ “ಬುಡವ್ವ” ಅಂದೆ. ನ್ಯಾಯದ ದಿನ ಬೈದವನು ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಊರಿಗೆ ಅಡ್ಡಬಿದ್ದ. ಊರಿನ ಪರವಾಗಿ ಯಜಮಾನರು ತಟ್ಟೆ ಎತ್ತಿಕೊಂಡರು. “ಬೈಸ್ಕಂಡೋಳು ನಾನು ಯಜಮಾನ್ರೇ. ನಂಗೇನ್ ಹೇಳ್ದ ಅವ್ನು?” ಅಂದಳು ನಮ್ಮ ಹುಡುಗಿ. ಯಜಮಾನರು ತಟ್ಟೆಯನ್ನು ಅವಳ ಕಡೆಗೆ ಒಂದು ಗೇಣು ಚಾಚಿದರು. ಹಿಂದೆ ಕೂತಿದ್ದ ಜನ ಕೆಮ್ಮಿದರು. ಯಜಮಾನರು ತಟ್ಟೆಯನ್ನು ಮತ್ತೆ ತಮ್ಮ ಎದೆಗೆಳೆದುಕೊಂಡರು. ಅಂದಿನಿಂದ ಅವಳು ಡೈರಿಗೆ ಹೋಗುವುದಿಲ್ಲ, ಹಾಲು ಹೊತ್ತು ನಾನೇ ಹೋಗುತ್ತೇನೆ. ಇವತ್ತೂ ಸಂಘಮಿತ್ರ ಹಸುವಿನ ಕೆಚ್ಚಲು ತೊಳೆದು ಹಾಲು ಕರೆಯಲು ಕೂತಳು.