ತಪ್ಪು ಗ್ರೂಪಿಗೆ ಹೋದ ಹೆಸರು

ಅಳಿಸುವಷ್ಟರಲ್ಲಿ ನಾಲ್ಕು ಜನ ಓದಿಬಿಟ್ಟಿದ್ದರು.

ನಾನು ಯಾದವಗಿರಿಯ ಸಣ್ಣದೊಂದು ಆಪ್ತಸಮಾಲೋಚನೆ ಕೇಂದ್ರದಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಏಟು ತಿನ್ನುವ ಹೆಂಗಸರು ಅಲ್ಲಿಗೆ ಬರುತ್ತಾರೆ. ಎರಡು ತಿಂಗಳ ಹಿಂದೆ ಆಫೀಸ್ ಗ್ರೂಪಿಗೆಂದು ಒಂದು ಮೆಸೇಜ್ ಹಾಕಿದೆ: ಇಂಥವರು ನಾಳೆ ಹನ್ನೊಂದಕ್ಕೆ ಬರುತ್ತಾರೆ, ಗಂಡನಿಗೆ ತಿಳಿಯಬಾರದು. ಹೋಗಿದ್ದು ಮಾತ್ರ ಗೋಕುಲಂನ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ! (ಟ್ಯಾಂಕರ್ ಬಂತಾ ಎಂದು ಕೇಳುವ ಗ್ರೂಪು.) ಓದಿದವರಲ್ಲಿ ಒಬ್ಬರಿಗೆ ಆ ಗಂಡನ ಅಕ್ಕ ಪರಿಚಯ.

ಮರುದಿನ ಆಕೆ ಬರಲಿಲ್ಲ. ಫೋನ್ ಸ್ವಿಚ್ ಆಫ್.

ನಮ್ಮ ಮುಖ್ಯಸ್ಥೆ ಬೈಯಲಿಲ್ಲ. "ವ್ಯವಸ್ಥೆಯೇ ಸರಿ ಇಲ್ಲ ಕಣ್ರೀ" ಎಂದು ಕಚೇರಿ ಕೆಲಸಕ್ಕೆಂದೇ ಹೊಸ ಆಪ್ ಹಾಕಿಸಿದರು. ಇದರಲ್ಲಿ ನಮ್ಮ ಮಾತು ಯಾವ ದೊಡ್ಡ ಕಂಪನಿಯ ಕೈಗೂ ಹೋಗುವುದಿಲ್ಲ. ಸರ್ವರ್ ನಮ್ಮದೇ, ಬೀರುವಿನ ಪಕ್ಕದಲ್ಲಿದೆ. ಲಕ್ಷ್ಮೀಪುರಂನಲ್ಲಿರುವ ನಮ್ಮ ವಕೀಲರಿಗೆ ಅವರದೇ ಸರ್ವರ್. ಎರಡೂ ನೇರವಾಗಿ ಮಾತಾಡಿಕೊಳ್ಳುತ್ತವೆ. ನಡುವೆ ಯಾರಾದರೂ ಕದ್ದು ನೋಡಿದರೆ ಕಾಣುವುದು ಗೋಜಲು ಅಕ್ಷರ ಅಷ್ಟೇ.

ಚೆನ್ನಾಗಿದೆ. ಆದರೆ ಕಲಿಯುವಷ್ಟರಲ್ಲಿ ಸುಸ್ತು. ಪಾಸ್‌ವರ್ಡ್ ಬೇರೆ, ಮೆಸೇಜ್ ಬಿಚ್ಚುವ ಕೀಲಿಸಂಕೇತ ಬೇರೆ. ಕೀಲಿ ಕಳೆದರೆ ಹಳೆಯ ಮೆಸೇಜೆಲ್ಲ ಹೋಯಿತು. ನಾನು ಎರಡು ಸಲ ಕಳೆದುಕೊಂಡೆ. ರಿಸೆಪ್ಷನ್ನಿನ ಮಹದೇವಮ್ಮ ಫೋನ್ ಹಿಡಿದು ನಿಂತು, "ಇಷ್ಟೊಂದು ಬೀಗ ಜಡಿದ್ಬುಟ್ರೆ ನಾವು ಒಳೀಕ್ ಓಗೋದ್ ಎಂಗೆ ಮೇಡಂ?" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಮೆಸೇಜನ್ನು ಯಾರೂ ಕದ್ದು ನೋಡಿರಲಿಲ್ಲವಲ್ಲ? ಕಳಿಸಿದವಳು ನಾನು. ಆ ಮಾತನ್ನು ಒಬ್ಬರೂ ಎತ್ತುತ್ತಿರಲಿಲ್ಲ. ದಣಿಸಿದ್ದು ಅದೇ.

ಕಳೆದ ಗುರುವಾರ ಆಕೆ ಬಂದರು. ನನ್ನ ಮೆಸೇಜ್ ಹೋದ ದಿನವೇ ಗಂಡ ಫೋನ್ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕಿದ್ದನಂತೆ. ಹೇಗೋ ತಪ್ಪಿಸಿಕೊಂಡು ಈಗ ತಂಗಿಯ ಮನೆಯಲ್ಲಿದ್ದಾರೆ. ಕೂರುವ ಮೊದಲೇ ಕೇಳಿದರು: "ನನ್ನ ಹೆಸ್ರು ಆಚೆ ಹೋಗಿದ್ದು ಹೆಂಗೆ?"

ತಪ್ಪನ್ನು ಹಳೆಯ ಆಪ್ ಮೇಲೆ ಹಾಕಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು.

"ನಾನೇ ಕಣಮ್ಮ. ತಪ್ಪಿ ಕಳಿಸ್ಬುಟ್ಟೆ."

ಆಕೆ ನನ್ನನ್ನೇ ನೋಡಿದರು. ಅಳಲಿಲ್ಲ, ಬೈಯಲೂ ಇಲ್ಲ. "ಮಾತಾಡೋಕೆ ಬೇರೆ ಯಾರಾದ್ರೂ ಇದಾರಾ ಮೇಡಂ?"

ಹೊಸ ಆಪಿನಲ್ಲಿ ಸಹೋದ್ಯೋಗಿಯನ್ನು ಕರೆದೆ. ಆಕೆಯ ಹೆಸರು ಬರೆಯಲಿಲ್ಲ. ಅವರಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ.

ನೀವೇ ಹೇಳಿ, ಆಕೆಯ ಜಾಗದಲ್ಲಿ ನೀವಿದ್ದಿದ್ದರೆ ನನ್ನ ಜೊತೆ ಒಳಗೆ ಬರುತ್ತಿದ್ದಿರಾ?