ಡೋಲಿನ ಏಟಿಗೆ ಬಿದ್ದ ಜುನಿಪರ್

ನನ್ನ ಭಾವ ವರ್ಲ್ ಟೆನ್ನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಕುದುರೆಗೆ ಬೀಳುವುದನ್ನು ಕಲಿಸುವುದು. ಸಿನಿಮಾದವರು ನಮ್ಮೂರು ಕನಾಬಿಗೆ ಬಂದಾಗಲೆಲ್ಲ ಗುಂಡೇಟು ತಿಂದವನ ಕುದುರೆ ನೆಲಕ್ಕುರುಳಬೇಕಲ್ಲ, ಆ ಕೆಲಸ ಅವನದು. ಎಡ ಲಗಾಮು ಎಳೆದರೆ ಸಾಕು, ಅವನ ಹೆಣ್ಣುಕುದುರೆ ಜುನಿಪರ್ ಓಡುತ್ತಿದ್ದಂತೆಯೇ ಪಕ್ಕಕ್ಕೆ ಮಲಗಿಬಿಡುತ್ತಿತ್ತು. ಮಕ್ಕಳಿಲ್ಲದ ಮನೆ. ನನ್ನ ಅಕ್ಕ ಲಾರೂ ಅದನ್ನು ಸವತಿ ಅಂತಲೇ ಕರೆಯುತ್ತಿದ್ದಳು, ಕದ್ದು ಸೇಬು ತಿನ್ನಿಸುತ್ತಿದ್ದವಳೂ ಅವಳೇ. ನಮ್ಮಜ್ಜನ ಕಾಲದಲ್ಲಿ ಧರ್ಮವೇ ಒಪ್ಪಿ ಮನೆಗಳಲ್ಲಿ ನಿಜವಾದ ಸವತಿಯರೇ ಇದ್ದ ಊರು ನಮ್ಮದು. ಆ ತಮಾಷೆಗೆ ಮುದುಕಿಯರು ಮಾತ್ರ ನಗುತ್ತಿರಲಿಲ್ಲ.

ಕುದುರೆ ಬೀಳುವ ಜಾಗವನ್ನು ವರ್ಲ್ ಯಾರಿಗೂ ಬಿಡುತ್ತಿರಲಿಲ್ಲ. ತಾನೇ ಅಗೆದು, ಕಲ್ಲು ಆರಿಸಿ, ಮರಳು ಹುಲ್ಲು ಬೆರೆಸಿ, ಬೂಟು ಕಳಚಿ ಬರಿಗಾಲಲ್ಲಿ ಅದರ ಮೇಲೆಲ್ಲ ನಡೆದಾಡುತ್ತಿದ್ದ. ಕಾಲಿಗೆ ಏನೂ ಚುಚ್ಚದಿದ್ದರೆ ಮಾತ್ರ ಜುನಿಪರನ್ನು ತರುತ್ತಿದ್ದ.

ಆ ವರ್ಷ ಬಂದದ್ದು ಹಾಡು ಕುಣಿತದ ಕೌಬಾಯ್ ಹಾಸ್ಯಚಿತ್ರ. ಹಾಸ್ಯವೆಲ್ಲ ಹಾಳೆಯ ಮೇಲೆ. ಮೊದಲ ನಿರ್ದೇಶಕ ಹೀರೋ ಜೊತೆ ಕಿತ್ತಾಡಿಕೊಂಡು ಹೊರಟುಹೋದ. ಕಣಿವೆಯಲ್ಲಿ ನೀರು ನುಗ್ಗಿ, ಚಿತ್ರಕ್ಕೆಂದು ಕಟ್ಟಿದ್ದ ಹಲಗೆಯ ಊರನ್ನು ಕೊಚ್ಚಿಕೊಂಡು ಹೋಯಿತು. ಅಡುಗೆ ಡೇರೆಯಲ್ಲಿ, ನಮ್ಮ ಧರ್ಮದವರು ಮುಟ್ಟದ ಕಾಫಿಯನ್ನು ಸಿನಿಮಾದವರಿಗೆ ಕುದಿಸಿ ಕೊಡುತ್ತ, ನಾನು ಎಲ್ಲವನ್ನೂ ನೋಡುತ್ತಿದ್ದೆ. ಎರಡನೆಯ ನಿರ್ದೇಶಕನಿಗೊಂದು ಹುಚ್ಚು ಹತ್ತಿತು. ಸ್ಪೀಕರಿನಲ್ಲಿ ಹಾಡು ಬರುವಾಗ ಸರಿಯಾಗಿ ಡೋಲಿನ ಏಟಿಗೇ ಕುದುರೆ ಬೀಳಬೇಕಂತೆ. ಲಗಾಮು ಎಳೆದು ಅದು ಬೀಳುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು.

ವರ್ಲ್ ಆ ಹಾಡಿನ ಟೇಪು ತಂದು ತನ್ನ ಹೊಲದಲ್ಲೇ ಸ್ಪೀಕರು ಕಟ್ಟಿ, ಲಗಾಮು ಮುಟ್ಟದೆ ಡೋಲಿನ ಸದ್ದಿಗೇ ಜುನಿಪರ್ ಬೀಳುವಂತೆ ಮಾಡಿದ. ಇನ್ನೊಬ್ಬರ ಕೈಯಲ್ಲಿರುವ ಸನ್ನೆಯನ್ನು ಕುದುರೆಗೆ ಕಲಿಸಬಾರದೆಂದು ಊರಿಗೆಲ್ಲ ಹೇಳಿಕೊಟ್ಟವನೇ ಅವನು. ಹೆಮ್ಮೆ ಅವನ ಕಣ್ಣಿಗೆ ಮಣ್ಣೆರಚಿತು.

"ಆ ಟೇಪಿನ ಗುಂಡಿ ಯಾರ ಕೈಲಿರತ್ತೆ, ಹೇಳು ನೋಡೋಣ," ಎಂದಳು ಲಾರೂ.

"ನನ್ನ ಕೇಳ್ದೆ ಯಾರೂ ಒತ್ತಲ್ಲ ಬಿಡೆ. ಸುಮ್ನೆ ತಲೆ ತಿನ್ಬೇಡ."

ಅಷ್ಟರಲ್ಲಿ ಸ್ಟುಡಿಯೋದ ದೊಡ್ಡವರು ಬಂದು, ಎಲ್ಲವನ್ನೂ ಬೇಗ ಮುಗಿಸಿ ಗಂಟು ಕಟ್ಟಿ ಎಂದರು. ಮರುದಿನದ ಕುಣಿತವನ್ನು ಅವತ್ತೇ ತೆಗೆಯಲು ಶುರು ಮಾಡಿದರು. ವರ್ಲ್‌ಗೆ ಯಾರೂ ಹೇಳಲಿಲ್ಲ. ಅವನು ಜುನಿಪರನ್ನೇರಿ, ಕುಣಿಯುವವರ ಹಿಂದಿನ ಹಾಸುಬಂಡೆಯ ಮೇಲೆ ಅದಕ್ಕೆ ನೀರು ಕುಡಿಸಲೆಂದು ಹೊರಟಿದ್ದ. ಹಾಡು ಶುರುವಾಯಿತು. ಅವನು ಕೂಗಿದ್ದು ನನಗೆ ಕೇಳಿಸಿತು, ಆಮೇಲೆ ಡೋಲು.

ಜುನಿಪರ್ ಬಂಡೆಯ ಮೇಲೆಯೇ ಬಿತ್ತು. ವರ್ಲ್ ದೂರ ಹಾರಿಬಿದ್ದ, ಕುದುರೆಯ ಮುಂಗಾಲು ಲಟ್ಟನೆ ಮುರಿಯಿತು. ಕುಣಿಯುತ್ತಿದ್ದವರು ಚಪ್ಪಾಳೆ ತಟ್ಟಿದರು.

"ಇಷ್ಟು ಚೆನ್ನಾಗಿ ಬಂದಿದ್ದು ಇದೇ ಮೊದಲು. ಇದನ್ನೇ ಇಟ್ಕೊಳ್ಳಿ," ಎಂದ ನಿರ್ದೇಶಕ. ಅವನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಇವತ್ತಿಗೂ ಶಪಿಸುತ್ತೇನೆ.

ಅಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡವರ ಒಂದು ದಂಡೇ ಇತ್ತು, ಕಾಲು ಮುರಿದ ಕುದುರೆಯ ನೋವು ಮುಗಿಸಲು ಒಂದರಲ್ಲೂ ನಿಜವಾದ ಗುಂಡಿಲ್ಲ. ನಾನು ಅಕ್ಕನ ಮನೆಗೆ ಜೀಪು ಓಡಿಸಿಕೊಂಡು ಹೋಗಿ ಬಂದೂಕು ತರುವವರೆಗೂ ವರ್ಲ್ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದು ಏಳಲು ನೋಡುತ್ತಲೇ ಇತ್ತು. ಗುಂಡು ಹಾರಿಸಿದವನೂ ಅವನೇ.

ಮುಂದಿನ ವರ್ಷ ಚಿತ್ರ ನಮ್ಮೂರ ಟಾಕೀಸಿಗೆ ಬಂತು. ಬೇಡವೆಂದರೂ ಕೇಳದೆ ವರ್ಲ್ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಆ ಜಾಗ ಬಂದಾಗ ಇಡೀ ಟಾಕೀಸು ಗೊಳ್ಳೆಂದು ನಕ್ಕಿತು. ಕುದುರೆ ಸತ್ತಾಗ ಸಾಂತ್ವನ ಹೇಳಿ ಮನೆಗೆ ಊಟ ತಂದುಕೊಟ್ಟಿದ್ದವರೂ ನಕ್ಕರು. ಲಾರೂ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡು ಎದ್ದಳು. ಅವನು ಅವಳ ತೋಳು ಹಿಡಿದು ಕೂರಿಸಿದ.

"ಕೂತ್ಕೋ. ನೋಡು, ಅವಳು ಚೂರೂ ತಪ್ಪು ಮಾಡಿಲ್ಲ."

ಆಮೇಲೆ ಅವನು ಯಾವ ಪ್ರಾಣಿಗೂ ಏನನ್ನೂ ಕಲಿಸಲಿಲ್ಲ, ಮನೆಗೆ ಬಂದು ಸೇರಿಕೊಂಡ ನಾಯಿಗೆ ಕೂರುವುದನ್ನು ಕೂಡ.