ಮೂಡಲಗಿರಿಯಪ್ಪನ ಒಣ ಬಾಯಿ

ಮೂಡಲಗಿರಿಯಪ್ಪನ ತಾತ ಚಿಕ್ಕೀರಪ್ಪ, ಜಯಮಂಗಲಿ ಹೊಳೆ ದಡ ತುಂಬಿ ಹರಿಯುವಾಗ ಈಚೆ ನಿಂತು ಒಂದೇ ಸಿಳ್ಳೆಗೆ ಆಚೆಯಿದ್ದ ಮಂದೆಯನ್ನೆಲ್ಲ ಈಜಿಸಿ ಕರೆಸಿಕೊಂಡ ಗಂಡು. ಅಪ್ಪ ಸಣ್ಣೀರಪ್ಪನದು ಇನ್ನೂ ಮಿಗಿಲು. ಶಿರಾ ಸಂತೆಯಲ್ಲಿ ಹತ್ತೂರ ಕುರಿ ಕಲೆತು, ಉಳಿದವರು ಕಿವಿಯ ಗುರುತು ಹುಡುಕುತ್ತ ಬೈದಾಡುತ್ತಿದ್ದರೆ, ಅವನು ನಾಲಿಗೆ ಮಡಿಸಿ ಸಿಳ್ಳೆ ಹಾಕಿದ. ಅವನ ಕುರಿಗಳಷ್ಟೇ ಗುಂಪು ಬಿಡಿಸಿಕೊಂಡು ಬಂದು ಕಾಲ ಬಳಿ ನಿಂತವು. ಆ ಸಿಳ್ಳೆ ಮೂಡಲಗಿರಿಯಪ್ಪನ ಬಾಯಿಗೆ ಇಳಿದುಬಂದಿತ್ತು. ಹೊಲವಿರಲಿಲ್ಲ, ಹೆಂಚಿನ ಮನೆಯಿರಲಿಲ್ಲ. ಆದರೆ ತೋವಿನಕೆರೆ ಸುತ್ತಿನ ಗುಡ್ಡದಲ್ಲಿ ಅವನು ಸಿಳ್ಳೆ ಹಾಕಿದರೆ ಬೇರೆ ಕುರಿಗಾಹಿಗಳು ಬೀಡಿ ಆರಿಸಿ ಕೇಳುತ್ತಿದ್ದರು.

ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ತಲೆಸುತ್ತಿ ಬಂಡೆಯ ಮೇಲೆ ಕುಸಿದ. ಕೊರಟಗೆರೆಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ರಕ್ತದೊತ್ತಡ ಜಾಸ್ತಿ ಎಂದು ಕ್ಲೋನಿಡಿನ್ ಎಂಬ ಪುಟ್ಟ ಗುಳಿಗೆ ಬರೆದುಕೊಟ್ಟರು. "ಬೆಳಿಗ್ಗೆ ಸಂಜೆ ತಪ್ಪಿಸಬೇಡಪ್ಪ. ಉಪ್ಪು ಬಿಡು. ಬಾಯಿ ಒಣಗುತ್ತೆ, ತೂಕಡಿಕೆ ಬರುತ್ತೆ, ಹೆದರಬೇಡ."

ತಲೆಸುತ್ತು ನಿಂತಿತು. ಬಾಯಿ ಮಾತ್ರ ಬತ್ತಿದ ಕೆರೆಯಂಗಳವಾಯಿತು. ಸಂಜೆ ಬೆರಳು ಬಾಯಿಗಿಟ್ಟು ಊದಿದರೆ ಬರೀ ಬುಸ್ಸೆನ್ನುವ ಗಾಳಿ. ನೀರು ಮುಕ್ಕಳಿಸಿ ಊದಿದ. ಹುಣಸೆಹಣ್ಣು ಚೀಪಿ ಊದಿದ. ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಅವನನ್ನು ಹುಡುಕಿಕೊಂಡು ಬಂದಿದ್ದ ಹೆಂಡತಿ ಕೆಂಚಮ್ಮ ನೋಡುತ್ತ ನಿಂತಳು. ಪಾವಗಡದ ಕಡೆಯ ಹೆಣ್ಣು, ಚಿಕ್ಕಂದಿನಲ್ಲಿ ಅಪ್ಪನ ಮಂದೆ ಕಾದವಳು. ಹೆಂಗಸು ಸಿಳ್ಳೆ ಹಾಕಬಾರದೆಂದು ಅತ್ತೆ ಬಾಯಿ ಕಟ್ಟಿಸಿದ್ದಳು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆರಳು ಬಾಯಿಗಿಟ್ಟಳು. ಗುಡ್ಡ ಝಲ್ಲೆಂದಿತು. ಮಂದೆಗೆ ಮಂದೆಯೇ ಇಳಿದು ಅವಳ ಹಿಂದೆ ಹೊರಟಿತು. ಮುದಿ ಟಗರೂ ಹೊರಟಿತು.

ಅಂದಿನಿಂದ ಅವನ ಹೊಟ್ಟೆಯಲ್ಲಿ ಕೆಂಡ. ಮರಿಯೊಂದು ಅವಳ ಕೈ ನೆಕ್ಕಿದರೆ ಅದನ್ನು ಕೊರಳು ಹಿಡಿದು ಈಚೆಗೆಳೆಯುತ್ತಿದ್ದ. ಅವಳು ಎಲೆಅಡಿಕೆ ಮೆದ್ದು ಪಿಚಕ್ಕನೆ ಉಗಿದರೂ ಉರಿಯುತ್ತಿತ್ತು; ಅಷ್ಟೊಂದು ಎಂಜಲನ್ನು ದೇವರು ಇವಳಿಗ್ಯಾಕೆ ಕೊಟ್ಟ!

ಟೀ ಅಂಗಡಿಯಲ್ಲಿ ಪಕ್ಕದ ಮನೆಯ ಹುಚ್ಚಣ್ಣ ಕೆಣಕಿದ. "ಏನ್ ಮೂಡ್ಲಣ್ಣ, ಕುರಿ ಕಾಯೋದೂ ಕೆಂಚಕ್ಕ, ನಿನ್ನ ಕಾಯೋದೂ ಕೆಂಚಕ್ಕನೇನಾ?"

"ಮುಚ್ಚಲಾ ಬಾಯಿ!"

"ನೀನೇ ಮುಚ್ಕೊಳಣ್ಣ, ಒಸಿ ಪಸೆನಾರಾ ಉಳ್ಕಂತದೆ."

ಆ ಸಂಜೆಯ ಗುಳಿಗೆಯನ್ನು ಮೂಡಲಗಿರಿಯಪ್ಪ ಬೇಲಿಗೆ ಉಗಿದ. ಮಾರನೆಯ ದಿನವೂ ಉಗಿದ. ಬಾಯಲ್ಲಿ ಎಂಜಲು ಊರಿತು, ಸಿಳ್ಳೆ ಹೊರಟಿತು, ಕುರಿಗಳು ಅವನತ್ತ ತಿರುಗಿದವು. ಗೆದ್ದೆನೆಂದು ಹೆಂಡತಿಯತ್ತ ನೋಡುವಷ್ಟರಲ್ಲಿ ಎದೆ ತಮಟೆಯಾಯಿತು. ನೆತ್ತಿ ಸೀಳಿದಂತಾಗಿ ಮೂಗಿನಿಂದ ರಕ್ತ ಇಳಿಯಿತು.

ಕೊರಟಗೆರೆ ಬಸ್ಸಿನಲ್ಲಿ ಕೆಂಚಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈದಳು. "ನನ್ ಸಿಳ್ಳೆ ಮ್ಯಾಲಿನ ಹೊಟ್ಟೆಕಿಚ್ಚಿಗೆ ಸಾಯೋಕ್ ಹೊಂಟಿದ್ದೇನಯ್ಯಾ? ಸಿಗ್ಗು ಲೇದಾ, ನಾಚ್ಕೆ ಇಲ್ವಾ ನಿಂಗೆ?"

ಡಾಕ್ಟರೂ ಬಿಡಲಿಲ್ಲ. "ಈ ಗುಳಿಗೆ ತಟಕ್ಕನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೆ ನೆಗೆಯುತ್ತೆ. ಜೀವ ಬೇಕೋ ಬೇಡವೋ?"

ಜೀವ ಬೇಕಿತ್ತು. ಮತ್ತೆ ನುಂಗಿದ, ಮತ್ತೆ ಬಾಯಿ ಬತ್ತಿತು. ಮೈ ಸುಧಾರಿಸಿ ಗುಡ್ಡಕ್ಕೆ ಹೋದ ದಿನ, ಹೊತ್ತು ಮುಳುಗುವಾಗ ಮಂದೆ ಕಳ್ಳಿಮೆಳೆಯಾಚೆ ಚದುರಿತ್ತು. ಎಷ್ಟು ಕೂಗಿದರೂ ಒಂದೂ ತಿರುಗಲಿಲ್ಲ. ಜೊತೆಗೆ ಬಂದಿದ್ದ ಕೆಂಚಮ್ಮ ಮೆಲ್ಲಗೆ ಬೆರಳು ಎತ್ತಿದಳು. ಅವನು ಅವಳ ಮಣಿಕಟ್ಟು ಹಿಡಿದ.

"ಬ್ಯಾಡ ಕಣೇ. ಗುಳಿಗೆ ನುಂಗು ಅಂದ್ರಿ, ನುಂಗ್ದೆ. ಉಪ್ಪು ಬುಡು ಅಂದ್ರಿ, ಬುಟ್ಟೆ. ಕುರಿ ಮಾತ್ರ ನಿಂಗೆ ಬುಟ್ಟುಕೊಡಾಕಿಲ್ಲ. ಒಂದೊಂದ್ನೂ ಹೆಗಲ್ ಮ್ಯಾಲೆ ಹೊತ್ಕಂಡ್ ಬತ್ತೀನಿ, ನಿನ್ ಸಿಳ್ಳೆ ನಂಗ್ ಬ್ಯಾಡ. ನೀನು ಮನೆಗ್ ನಡಿ, ಮುದ್ದೆಗೆ ಹಿಟ್ಟು ತೊಳಸೋಗು."